ಜೀವಕೋಶಗಳಲ್ಲಿ ಭಾರಲೋಹಗಳ ಪ್ರತಿದೀಪ್ತಿ ಶೋಧಕಗಳು

ಭಾರಲೋಹಗಳ ಪ್ರತಿದೀಪ್ತಿ ಶೋಧಕಗಳು ಎಂದರೆ ಸೀಸ, ಪಾದರಸ, ಕ್ಯಾಡ್ಮಿಯಮ್, ಆರ್ಸೆನಿಕ್ ಮೊದಲಾದ ವಿಷಕಾರಿ ಧಾತುಗಳೊಡನೆ ಸೇರಿದಾಗ ತಮ್ಮ ಪ್ರತಿದೀಪ್ತಿಯನ್ನು ಬದಲಿಸಿಕೊಳ್ಳುವ ಅಣುಗಳು. ಒಂದು ತರಂಗಾಂತರದ ಬೆಳಕನ್ನು ಹೀರಿಕೊಂಡು ಅದಕ್ಕಿಂತ ಹೆಚ್ಚಿನ ತರಂಗಾಂತರದ ಬೆಳಕನ್ನು ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಶೋಧಕವನ್ನು ಜೀವಂತ ಕೋಶದೊಳಗೆ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಲೋಹವಿರುವ ಜಾಗದಲ್ಲಿ ಬೆಳಕು ಹೆಚ್ಚುತ್ತದೆ, ಕಡಿಮೆಯಾಗುತ್ತದೆ ಅಥವಾ ಬಣ್ಣ ಬದಲಿಸುತ್ತದೆ. ಹೀಗೆ ಕೋಶವನ್ನು ಕೊಲ್ಲದೆ, ಒಡೆಯದೆ, ಲೋಹವು ಅದರ ಯಾವ ಭಾಗವನ್ನು ಯಾವಾಗ ತಲುಪಿತು ಎಂಬುದನ್ನು ತಿಳಿಯಬಹುದು.

ನೀರು, ಮಣ್ಣು, ರಕ್ತ ಅಥವಾ ಕೂದಲಿನಲ್ಲಿರುವ ಲೋಹದ ಒಟ್ಟು ಪ್ರಮಾಣವನ್ನು ಅಳೆಯಲು ಪರಮಾಣು ಹೀರಿಕೆ ರೋಹಿತಮಾಪನ, ಪ್ಲಾಸ್ಮಾ ದ್ರವ್ಯರಾಶಿ ರೋಹಿತಮಾಪನ ಮುಂತಾದ ವಿಧಾನಗಳಿವೆ. ಇವುಗಳಲ್ಲಿ ಮಾದರಿಯನ್ನು ಸಾಮಾನ್ಯವಾಗಿ ಆಮ್ಲದಲ್ಲಿ ಕರಗಿಸಬೇಕಾಗುತ್ತದೆ. ಆದ್ದರಿಂದ ಲೋಹ ಎಷ್ಟಿದೆ ಎಂಬುದು ತಿಳಿದರೂ ಕೋಶದಲ್ಲಿ ಅದು ಎಲ್ಲಿತ್ತು ಎಂಬ ಮಾಹಿತಿ ಅಳಿದುಹೋಗುತ್ತದೆ. ಪ್ರತಿದೀಪ್ತಿ ಶೋಧಕಗಳು ಈ ಕೊರತೆಯನ್ನು ತುಂಬುತ್ತವೆ. ಆದರೆ ಅವು ಗುರುತಿಸುವುದು ಕೋಶದಲ್ಲಿರುವ ಎಲ್ಲ ಲೋಹವನ್ನಲ್ಲ, ಪ್ರೋಟೀನುಗಳಿಗೆ ಬಿಗಿಯಾಗಿ ಅಂಟದೆ ಉಳಿದಿರುವ ಭಾಗವನ್ನು ಮಾತ್ರ. ಈ ವ್ಯತ್ಯಾಸವು ಶೋಧಕಗಳ ಉಪಯೋಗ ಮತ್ತು ಮಿತಿ ಎರಡನ್ನೂ ನಿರ್ಧರಿಸುತ್ತದೆ.

## ಭಾರಲೋಹಗಳು ಮತ್ತು ಜೀವಕೋಶ

ಕಬ್ಬಿಣ, ಸತು, ತಾಮ್ರ ಮುಂತಾದ ಲೋಹಗಳು ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಅಗತ್ಯ. ಸೀಸ, ಪಾದರಸ, ಕ್ಯಾಡ್ಮಿಯಮ್‌ಗಳಿಗೆ ಮಾನವ ದೇಹದಲ್ಲಿ ಯಾವುದೇ ಉಪಯುಕ್ತ ಕಾರ್ಯವಿಲ್ಲ. ಆರ್ಸೆನಿಕ್ ರಾಸಾಯನಿಕವಾಗಿ ಅರೆಲೋಹವಾದರೂ ಅದರ ವಿಷಗುಣದಿಂದಾಗಿ ಭಾರಲೋಹಗಳ ಜೊತೆಯಲ್ಲೇ ಅದನ್ನು ಚರ್ಚಿಸುವುದು ರೂಢಿ. ಈ ಧಾತುಗಳು ಬಹುಮಟ್ಟಿಗೆ ದೇಹಕ್ಕೆ ಬೇಕಾದ ವಸ್ತುಗಳನ್ನು ಹೋಲುವ ಮೂಲಕ ಕೋಶವನ್ನು ಪ್ರವೇಶಿಸುತ್ತವೆ.

- ಸೀಸ: ಇದರ ಅಯಾನು ಕ್ಯಾಲ್ಸಿಯಂ ಮತ್ತು ಸತುವಿನ ಸ್ಥಾನಗಳನ್ನು ಆಕ್ರಮಿಸುತ್ತದೆ. ರಕ್ತದ ಹೀಮ್ ತಯಾರಿಕೆಗೆ ಬೇಕಾದ, ಸತುವನ್ನು ಅವಲಂಬಿಸಿದ ಕಿಣ್ವವೊಂದನ್ನು ತಡೆಯುವುದರಿಂದ ರಕ್ತಹೀನತೆ ಉಂಟಾಗುತ್ತದೆ. ಮಕ್ಕಳಲ್ಲಿ ಮಿದುಳಿನ ಬೆಳವಣಿಗೆಗೆ ಹಾನಿಯಾಗುತ್ತದೆ.
- ಪಾದರಸ: ಗಂಧಕವನ್ನುಳ್ಳ ಥಯಾಲ್ ಗುಂಪುಗಳಿಗೆ ಬಲವಾಗಿ ಅಂಟುತ್ತದೆ. ಮೀಥೈಲ್ ಪಾದರಸವು ಸಿಸ್ಟೀನ್ ಎಂಬ ಅಮೈನೋ ಆಮ್ಲದೊಡನೆ ಸೇರಿ ಮೆಥಿಯೋನಿನ್ ಅಮೈನೋ ಆಮ್ಲವನ್ನು ಹೋಲುವ ರೂಪ ತಾಳಿ ಮಿದುಳನ್ನು ಪ್ರವೇಶಿಸುತ್ತದೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಪತ್ತೆಯಾದ ಕಾಯಿಲೆಗೆ ಇದೇ ಕಾರಣವಾಗಿತ್ತು.
- ಕ್ಯಾಡ್ಮಿಯಮ್: ಮೂತ್ರಪಿಂಡದಲ್ಲಿ ಮೆಟಲೋಥಯೋನೀನ್ ಎಂಬ ಪ್ರೋಟೀನಿಗೆ ಅಂಟಿ ದಶಕಗಳ ಕಾಲ ಉಳಿಯುತ್ತದೆ. ಜಪಾನಿನ ಜಿಂಜು ನದಿ ಬಯಲಿನಲ್ಲಿ ಕ್ಯಾಡ್ಮಿಯಮ್ ಬೆರೆತ ನೀರು ಮತ್ತು ಅಕ್ಕಿಯಿಂದ ಇಟಾಯ್-ಇಟಾಯ್ ಎಂಬ ಮೂಳೆ ಮತ್ತು ಮೂತ್ರಪಿಂಡಗಳ ಕಾಯಿಲೆ ಹರಡಿತು.
- ಆರ್ಸೆನಿಕ್: ಆರ್ಸೆನೇಟ್ ರೂಪವು ಫಾಸ್ಫೇಟನ್ನು ಹೋಲುತ್ತದೆ. ಆರ್ಸೆನೈಟ್ ರೂಪವು ಅಕ್ಕಪಕ್ಕದಲ್ಲಿರುವ ಎರಡು ಥಯಾಲ್ ಗುಂಪುಗಳಿಗೆ ಒಟ್ಟಿಗೆ ಅಂಟಿ, ಶಕ್ತಿ ಉತ್ಪಾದನೆಗೆ ಬೇಕಾದ ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ.

ಒಂದೇ ಪ್ರಮಾಣದ ಲೋಹವು ಕೋಶದ ಯಾವ ಭಾಗದಲ್ಲಿದೆ ಎಂಬುದರ ಮೇಲೆ ಅದರ ಪರಿಣಾಮ ಬದಲಾಗುತ್ತದೆ. ಮೆಟಲೋಥಯೋನೀನಿಗೆ ಅಂಟಿದ ಕ್ಯಾಡ್ಮಿಯಮ್ ಆ ಮಟ್ಟಿಗೆ ನಿರ್ಬಂಧಿತವಾಗಿರುತ್ತದೆ. ಅದೇ ಲೋಹ ಬಿಡುಗಡೆಯಾಗಿ ಮೈಟೊಕಾಂಡ್ರಿಯವನ್ನು ಸೇರಿದರೆ ಹಾನಿ ಮಾಡುತ್ತದೆ. ಲೋಹವು ಕೋಶದಲ್ಲಿ ಎಲ್ಲಿದೆ ಎಂಬ ಪ್ರಶ್ನೆಗೆ ವೈದ್ಯಕೀಯ ಮಹತ್ವ ಬಂದಿರುವುದು ಇದರಿಂದಲೇ.

## ಕರ್ನಾಟಕದ ಸಂದರ್ಭ

ಕರ್ನಾಟಕದಲ್ಲಿ ಭಾರಲೋಹ ವಿಷಬಾಧೆಯ ವಿವರವಾಗಿ ದಾಖಲಾದ ಪ್ರಕರಣಗಳಲ್ಲಿ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ್ದು ಮುಖ್ಯವಾದುದು. ಈ ತಾಂಡಾ ಹಳೆಯ ಚಿನ್ನದ ಗಣಿಗಾರಿಕೆ ನಡೆದಿದ್ದ ಮಂಗಳೂರು ಹಸಿರುಶಿಲಾ ಪಟ್ಟಿಯ ಪ್ರದೇಶದಲ್ಲಿದೆ. ಇಲ್ಲಿನ ಮಂಗಳೂರು ಎಂಬುದು ಯಾದಗಿರಿ ಭಾಗದ ಸ್ಥಳನಾಮವೇ ಹೊರತು ಕರಾವಳಿಯ ನಗರವಲ್ಲ. ದೀಪಂಕರ್ ಚಕ್ರವರ್ತಿ ಮತ್ತು ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇ. 79ರಷ್ಟರಲ್ಲಿ ಆರ್ಸೆನಿಕ್ ಪ್ರಮಾಣವು ಲೀಟರಿಗೆ 10 ಮೈಕ್ರೊಗ್ರಾಂ ಮಿತಿಯನ್ನು ಮೀರಿತ್ತು; ಗರಿಷ್ಠ ಪ್ರಮಾಣ 303 ಮೈಕ್ರೊಗ್ರಾಂ. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ. 58.6ರಷ್ಟು ಮಂದಿಯಲ್ಲಿ ಆರ್ಸೆನಿಕ್‌ನಿಂದಾದ ಚರ್ಮದ ಗಾಯಗಳು ಕಂಡುಬಂದವು. 171 ನಿವಾಸಿಗಳಿಂದ ಸಂಗ್ರಹಿಸಿದ ಕೂದಲು ಮತ್ತು ಉಗುರಿನ ಮಾದರಿಗಳೆಲ್ಲದರಲ್ಲಿಯೂ ಆರ್ಸೆನಿಕ್ ಹೆಚ್ಚಿತ್ತು. ಈ ಅಧ್ಯಯನದಲ್ಲಿ ನೀರು, ಕೂದಲು, ಉಗುರು, ಮಣ್ಣು ಮತ್ತು ಆಹಾರದ ಆರ್ಸೆನಿಕ್ ಅನ್ನು ಪರಮಾಣು ಹೀರಿಕೆ ರೋಹಿತಮಾಪನದಿಂದ ಅಳೆಯಲಾಯಿತು. ಜನರ ದೇಹಕ್ಕೆ ಎಷ್ಟು ಆರ್ಸೆನಿಕ್ ಸೇರಿದೆ ಎಂಬುದನ್ನು ಇಂತಹ ಅಳತೆ ಹೇಳುತ್ತದೆ. ಹಾಗೆ ಸೇರಿದ ಆರ್ಸೆನಿಕ್ ಚರ್ಮದ ಒಂದು ಕೋಶದೊಳಗೆ ಏನು ಮಾಡುತ್ತದೆ ಎಂಬುದು ಶೋಧಕಗಳ ಕ್ಷೇತ್ರಕ್ಕೆ ಸೇರಿದ ಪ್ರಶ್ನೆ.

ಸೀಸದ ವಿಷಯದಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ 1990ರ ದಶಕದ ಕೊನೆಯಲ್ಲಿ ದೇಶದ ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿತ್ತು. ಭಾರತದಾದ್ಯಂತ ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿ 1ರಿಂದ ಕಡ್ಡಾಯವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸ ವಿಷಬಾಧೆಗೆ ಸಂಬಂಧಿಸಿದ ರಾಷ್ಟ್ರೀಯ ಪರಾಮರ್ಶನ ಕೇಂದ್ರವು ವೆಂಕಟೇಶ್ ತುಪ್ಪಿಲ್ ಅವರ ನೇತೃತ್ವದಲ್ಲಿ ಬೆಳೆಯಿತು.

ಭಾರಲೋಹಗಳು ಆಹಾರವನ್ನು ಸೇರುವ ದಾರಿಗಳಲ್ಲಿ ಭತ್ತದ ಬೇರೂ ಒಂದು. ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿನಲ್ಲಿ ಆಮ್ಲಜನಕ ಕಡಿಮೆಯಾಗಿ ಆರ್ಸೆನಿಕ್ ಆರ್ಸೆನೈಟ್ ರೂಪದಲ್ಲಿ ಬಿಡುಗಡೆಯಾಗುತ್ತದೆ. ಭತ್ತದ ಬೇರು ಅದನ್ನು ಸಿಲಿಕಾನ್ ಹೀರುವ ಮಾರ್ಗದಲ್ಲಿಯೇ ಒಳಗೆ ಬಿಡುತ್ತದೆ. ನೀರನ್ನು ಬಸಿದು ಗದ್ದೆ ಒಣಗಿದಾಗ ಇದಕ್ಕೆ ವಿರುದ್ಧವಾಗಿ ಕ್ಯಾಡ್ಮಿಯಮ್ ಹೆಚ್ಚು ಕರಗಿ, ಮ್ಯಾಂಗನೀಸ್ ಸಾಗಿಸುವ ಪ್ರೋಟೀನಿನ ಮೂಲಕ ಬೇರನ್ನು ಸೇರುತ್ತದೆ. ಹೀಗಾಗಿ ಒಂದನ್ನು ತಡೆಯುವ ನೀರಿನ ಪದ್ಧತಿ ಇನ್ನೊಂದನ್ನು ಹೆಚ್ಚಿಸಬಹುದು. ಇದು ಗದ್ದೆ ಮಣ್ಣಿನ ಸಾಮಾನ್ಯ ಗುಣವೇ ಹೊರತು ಯಾವುದೇ ಊರಿನ ಮಾಲಿನ್ಯದ ಸೂಚನೆಯಲ್ಲ. ತುಂಗಭದ್ರಾ ನೀರಾವರಿಯಲ್ಲಿ ಭತ್ತ ಬೆಳೆಯುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಹಚ್ಚೊಳ್ಳಿ ಭಾಗದ ಗದ್ದೆಗಳಿಗೂ ಬೇರೆಡೆಯ ಗದ್ದೆಗಳಿಗೂ ಇದು ಒಂದೇ ರೀತಿ ಅನ್ವಯಿಸುತ್ತದೆ. ಸಸ್ಯದ ಬೇರಿನ ಯಾವ ಪದರದಲ್ಲಿ ಕ್ಯಾಡ್ಮಿಯಮ್ ತಡೆಹಿಡಿಯಲ್ಪಡುತ್ತದೆ ಎಂಬುದನ್ನು ನೋಡಲು ಪ್ರತಿದೀಪ್ತಿ ಶೋಧಕಗಳನ್ನು ಬಳಸಲಾಗುತ್ತದೆ.

## ಪ್ರತಿದೀಪ್ತಿಯ ತತ್ವ

ಬೆಳಕನ್ನು ಹೀರಿದ ಅಣುವಿನ ಎಲೆಕ್ಟ್ರಾನ್ ತಳಸ್ಥಿತಿಯಿಂದ ಉದ್ರಿಕ್ತ ಸ್ಥಿತಿಗೆ ಏರುತ್ತದೆ. ಅದು ಮರಳಿ ಇಳಿಯುವ ಮುನ್ನ ಸ್ವಲ್ಪ ಶಕ್ತಿಯನ್ನು ಶಾಖರೂಪದಲ್ಲಿ ಕಳೆದುಕೊಳ್ಳುವುದರಿಂದ, ಹೊರಬರುವ ಬೆಳಕಿನ ತರಂಗಾಂತರ ಹೀರಿದ ಬೆಳಕಿನದಕ್ಕಿಂತ ಹೆಚ್ಚಾಗಿರುತ್ತದೆ. ಈ ಅಂತರವನ್ನು ಸ್ಟೋಕ್ಸ್ ಪಲ್ಲಟ ಎನ್ನುತ್ತಾರೆ. 1852ರಲ್ಲಿ ಈ ವಿದ್ಯಮಾನವನ್ನು ವಿವರಿಸಿದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್, ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಇದಕ್ಕೆ ಫ್ಲೋರೆಸೆನ್ಸ್ ಎಂಬ ಪದವನ್ನು ರೂಪಿಸಿದರು. ಸಾಮಾನ್ಯವಾಗಿ ಈ ಇಡೀ ಕ್ರಿಯೆ ಕೆಲವು ನ್ಯಾನೊಸೆಕೆಂಡುಗಳಲ್ಲಿ ಮುಗಿಯುತ್ತದೆ.

ಹೀರುವ ಬೆಳಕು ಮತ್ತು ಸೂಸುವ ಬೆಳಕು ಬೇರೆ ಬೇರೆ ಬಣ್ಣದವಾದ್ದರಿಂದ, ಸೂಕ್ಷ್ಮದರ್ಶಕದಲ್ಲಿ ಮೊದಲನೆಯದನ್ನು ಸೋಸಿ ಎರಡನೆಯದನ್ನು ಮಾತ್ರ ನೋಡಲು ಸಾಧ್ಯ. ಆಗ ಕಪ್ಪು ಹಿನ್ನೆಲೆಯಲ್ಲಿ ಶೋಧಕವಿರುವ ಜಾಗ ಮಾತ್ರ ಬೆಳಗುತ್ತದೆ. ಈ ವಿಧಾನದ ಸೂಕ್ಷ್ಮತೆಗೆ ಇದು ಮುಖ್ಯ ಕಾರಣ.

## ಶೋಧಕದ ರಚನೆ

ಸಾಮಾನ್ಯ ಶೋಧಕವೊಂದರಲ್ಲಿ ಮೂರು ಭಾಗಗಳಿರುತ್ತವೆ.

1. ಪ್ರತಿದೀಪಕ: ಬೆಳಕನ್ನು ಸೂಸುವ ಭಾಗ. ಫ್ಲೋರೆಸೀನ್, ರೋಡಮೀನ್, ಕೂಮರಿನ್, ನ್ಯಾಫ್ತಾಲಿಮೈಡ್ ಮತ್ತು ಬೋಡಿಪಿ ಬಣ್ಣಗಳು ಹೆಚ್ಚು ಬಳಕೆಯಲ್ಲಿವೆ.
2. ಗ್ರಾಹಕ: ಲೋಹದ ಅಯಾನನ್ನು ಹಿಡಿಯುವ ಭಾಗ. ಇದರಲ್ಲಿ ಸಾರಜನಕ, ಆಮ್ಲಜನಕ ಅಥವಾ ಗಂಧಕದ ಪರಮಾಣುಗಳು ಲೋಹಕ್ಕೆ ಹೊಂದುವ ಗೂಡಿನಂತೆ ಜೋಡಣೆಯಾಗಿರುತ್ತವೆ.
3. ಕೊಂಡಿ: ಇವೆರಡನ್ನು ಸೇರಿಸುವ ಭಾಗ. ಕೆಲವು ಶೋಧಕಗಳಲ್ಲಿ ಕೊಂಡಿಯಿಲ್ಲದೆ ಗ್ರಾಹಕವೇ ಪ್ರತಿದೀಪಕದ ಅಂಗವಾಗಿರುತ್ತದೆ.

ಗ್ರಾಹಕದ ಆಯ್ಕೆಗೆ ರಾಲ್ಫ್ ಪಿಯರ್ಸನ್ 1963ರಲ್ಲಿ ಮಂಡಿಸಿದ ಕಠಿಣ ಮತ್ತು ಮೃದು ಆಮ್ಲ-ಪ್ರತ್ಯಾಮ್ಲಗಳ ತತ್ವ ಆಧಾರವಾಗಿದೆ. ಪಾದರಸ ಮತ್ತು ಕ್ಯಾಡ್ಮಿಯಮ್ ಅಯಾನುಗಳು ಮೃದು ಸ್ವಭಾವದವು. ಅವು ಮೃದುವಾದ ಗಂಧಕವನ್ನು ಬಯಸುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಕಠಿಣ ಸ್ವಭಾವದವು. ಅವು ಆಮ್ಲಜನಕವನ್ನು ಬಯಸುತ್ತವೆ. ಸೀಸ ಮತ್ತು ಸತು ಇವೆರಡರ ನಡುವಿನವು. ಕೋಶದೊಳಗೆ ಹೇರಳವಾಗಿರುವ ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ಬಿಟ್ಟು ಅತ್ಯಲ್ಪವಾಗಿರುವ ವಿಷಲೋಹವನ್ನು ಮಾತ್ರ ಹಿಡಿಯಬೇಕಾದ್ದರಿಂದ ಈ ಆಯ್ಕೆ ನಿರ್ಣಾಯಕವಾಗುತ್ತದೆ.

## ಕಾರ್ಯವಿಧಾನಗಳು

### ಬೆಳಕುಪ್ರೇರಿತ ಎಲೆಕ್ಟ್ರಾನ್ ವರ್ಗಾವಣೆ

ಲೋಹವಿಲ್ಲದಾಗ ಗ್ರಾಹಕದಲ್ಲಿರುವ ಸಾರಜನಕದ ಎಲೆಕ್ಟ್ರಾನು ಉದ್ರಿಕ್ತ ಪ್ರತಿದೀಪಕದ ಕಡೆಗೆ ಹಾರಿ ಅದರ ಬೆಳಕನ್ನು ನಂದಿಸುತ್ತದೆ. ಲೋಹ ಬಂದು ಆ ಎಲೆಕ್ಟ್ರಾನನ್ನು ಹಿಡಿದಿಟ್ಟುಕೊಂಡರೆ ವರ್ಗಾವಣೆ ನಿಂತು ಶೋಧಕ ಬೆಳಗುತ್ತದೆ. ಶ್ರೀಲಂಕಾ ಮೂಲದ ರಸಾಯನಶಾಸ್ತ್ರಜ್ಞ ಎ. ಪ್ರಸನ್ನ ಡಿ ಸಿಲ್ವ ಅವರು 1980ರ ದಶಕದಿಂದ ಈ ತತ್ವವನ್ನು ಶೋಧಕಗಳ ವಿನ್ಯಾಸಕ್ಕೆ ವ್ಯವಸ್ಥಿತವಾಗಿ ಅಳವಡಿಸಿದರು.

### ಅಣುವಿನೊಳಗಿನ ಆವೇಶ ವರ್ಗಾವಣೆ

ಇಲ್ಲಿ ಗ್ರಾಹಕವು ಪ್ರತಿದೀಪಕದ ಎಲೆಕ್ಟ್ರಾನ್ ವ್ಯವಸ್ಥೆಯ ಭಾಗವಾಗಿರುತ್ತದೆ. ಲೋಹ ಅಂಟಿದಾಗ ಬೆಳಕಿನ ತೀವ್ರತೆಯ ಬದಲು ತರಂಗಾಂತರವೇ ಬದಲಾಗುತ್ತದೆ. ಎರಡು ತರಂಗಾಂತರಗಳ ತೀವ್ರತೆಯ ಅನುಪಾತವನ್ನು ಲೆಕ್ಕಹಾಕಬಹುದಾದ್ದರಿಂದ ಇಂತಹವನ್ನು ಅನುಪಾತ ಶೋಧಕಗಳು ಎನ್ನುತ್ತಾರೆ. ಕೋಶದ ದಪ್ಪ ಅಥವಾ ಒಳಸೇರಿದ ಶೋಧಕದ ಪ್ರಮಾಣದಲ್ಲಿ ಏರುಪೇರಿದ್ದರೂ ಅನುಪಾತದ ಮೇಲೆ ಅದರ ಪರಿಣಾಮ ಕಡಿಮೆ.

### ಅನುರಣನ ಶಕ್ತಿ ವರ್ಗಾವಣೆ

ಎರಡು ಪ್ರತಿದೀಪಕಗಳು ಕೆಲವು ನ್ಯಾನೊಮೀಟರುಗಳಷ್ಟು ಹತ್ತಿರ ಬಂದಾಗ ಒಂದರ ಶಕ್ತಿ ಇನ್ನೊಂದಕ್ಕೆ ವರ್ಗವಾಗುತ್ತದೆ. ಲೋಹ ಅಂಟಿದಾಗ ಶೋಧಕದ ಆಕಾರ ಬದಲಾಗಿ ಈ ಅಂತರ ಹೆಚ್ಚು ಕಡಿಮೆಯಾಗುವಂತೆ ವಿನ್ಯಾಸ ಮಾಡಲಾಗುತ್ತದೆ. ಪ್ರೋಟೀನು ಮತ್ತು ಡಿಎನ್‌ಎ ಆಧಾರಿತ ಶೋಧಕಗಳಲ್ಲಿ ಇದು ಸಾಮಾನ್ಯ.

### ಉಂಗುರ ತೆರೆಯುವಿಕೆ

ರೋಡಮೀನಿನ ಸ್ಪೈರೋಲ್ಯಾಕ್ಟಾಮ್ ರೂಪದಲ್ಲಿ ಉಂಗುರ ಮುಚ್ಚಿರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ಪ್ರತಿದೀಪ್ತಿಯೂ ಇಲ್ಲ. ಲೋಹ ಅಂಟಿದಾಗ ಉಂಗುರ ತೆರೆದು ಗುಲಾಬಿ ಬಣ್ಣ ಮತ್ತು ಪ್ರಬಲ ಪ್ರತಿದೀಪ್ತಿ ಎರಡೂ ಕಾಣಿಸಿಕೊಳ್ಳುತ್ತವೆ. ಬರಿಗಣ್ಣಿಗೂ ಬದಲಾವಣೆ ಕಾಣುವುದರಿಂದ ಈ ಗುಂಪಿನ ಶೋಧಕಗಳು ಬಹಳ ಜನಪ್ರಿಯವಾಗಿವೆ.

### ರಾಸಾಯನಿಕ ಮಾತ್ರಾಮಾಪಕಗಳು

ಕೆಲವು ಶೋಧಕಗಳು ಲೋಹಕ್ಕೆ ಅಂಟುವುದರ ಬದಲು ಅದರೊಡನೆ ಹಿಂತಿರುಗದ ರಾಸಾಯನಿಕ ಕ್ರಿಯೆಗೆ ಒಳಗಾಗುತ್ತವೆ. ಪಾದರಸಕ್ಕೆ ಗಂಧಕದ ಮೇಲಿರುವ ಪ್ರೀತಿಯನ್ನು ಬಳಸಿ, ಥಯೋಯೂರಿಯಾ ಗುಂಪಿನಿಂದ ಗಂಧಕವನ್ನು ಅದು ಕಿತ್ತುಕೊಳ್ಳುವಂತೆ ಮಾಡುವುದು ಇದಕ್ಕೆ ಉದಾಹರಣೆ. ಇವುಗಳ ಆಯ್ಕೆಶೀಲತೆ ಹೆಚ್ಚು. ಆದರೆ ಒಮ್ಮೆ ಬೆಳಗಿದ ಶೋಧಕ ಲೋಹ ಹೊರಟುಹೋದ ಮೇಲೂ ಬೆಳಗುತ್ತಲೇ ಇರುವುದರಿಂದ ಲೋಹದ ಪ್ರಮಾಣ ಇಳಿದುದನ್ನು ಇವು ತೋರಿಸಲಾರವು.

### ಭಾರಪರಮಾಣು ಪರಿಣಾಮ

ಪಾದರಸ, ಸೀಸದಂತಹ ಭಾರವಾದ ಪರಮಾಣುಗಳು ತಮ್ಮ ಹತ್ತಿರದ ಪ್ರತಿದೀಪಕದ ಬೆಳಕನ್ನು ಸಹಜವಾಗಿಯೇ ನಂದಿಸುತ್ತವೆ. ಆದ್ದರಿಂದ ಈ ಲೋಹಗಳಿಗೆ ನಂದುವ ಶೋಧಕವನ್ನು ರೂಪಿಸುವುದು ಸುಲಭ, ಬೆಳಗುವ ಶೋಧಕವನ್ನು ರೂಪಿಸುವುದು ಕಷ್ಟ. ಕೋಶದಲ್ಲಿ ಬೆಳಕು ನಂದಲು ಬೇರೆ ಅನೇಕ ಕಾರಣಗಳಿರುವುದರಿಂದ ಬೆಳಗುವ ಶೋಧಕಗಳಿಗೇ ಆದ್ಯತೆ.

## ಇತಿಹಾಸ

ಜೀವಕೋಶದಲ್ಲಿ ಅಯಾನುಗಳನ್ನು ಪ್ರತಿದೀಪ್ತಿಯಿಂದ ನೋಡುವ ಪದ್ಧತಿ ಕ್ಯಾಲ್ಸಿಯಂನಿಂದ ಬಲಗೊಂಡಿತು. ರೋಜರ್ ತ್ಸಿಯೆನ್ 1980ರಲ್ಲಿ ಕ್ಯಾಲ್ಸಿಯಂ ಶೋಧಕಗಳ ಹೊಸ ವರ್ಗವೊಂದನ್ನು ಪ್ರಕಟಿಸಿದರು. 1981ರಲ್ಲಿ ಶೋಧಕವನ್ನು ಎಸ್ಟರ್ ರೂಪದಲ್ಲಿ ಕೋಶದೊಳಗೆ ಸೇರಿಸುವ ಉಪಾಯವನ್ನು ತೋರಿಸಿದರು. ಎಸ್ಟರ್ ರೂಪಕ್ಕೆ ಆವೇಶವಿಲ್ಲದ್ದರಿಂದ ಅದು ಕೋಶಪೊರೆಯನ್ನು ದಾಟುತ್ತದೆ. ಒಳಗಿನ ಕಿಣ್ವಗಳು ಎಸ್ಟರನ್ನು ತುಂಡರಿಸಿದ ಮೇಲೆ ಆವೇಶ ಪಡೆದ ಶೋಧಕ ಅಲ್ಲಿಯೇ ಉಳಿಯುತ್ತದೆ. 1985ರಲ್ಲಿ ಪ್ರಕಟವಾದ ಫ್ಯೂರಾ-2 ಶೋಧಕವು ಅನುಪಾತ ಅಳತೆಯನ್ನು ಸಾರ್ವತ್ರಿಕಗೊಳಿಸಿತು. ಹಸಿರು ಪ್ರತಿದೀಪ್ತಿ ಪ್ರೋಟೀನಿನ ಸಂಶೋಧನೆಗಾಗಿ ತ್ಸಿಯೆನ್ ಅವರು ಒಸಾಮು ಶಿಮೊಮುರ ಮತ್ತು ಮಾರ್ಟಿನ್ ಚಾಲ್ಫಿ ಅವರೊಂದಿಗೆ 2008ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿ ಪಡೆದರು.

ಭಾರಲೋಹಗಳತ್ತ ಗಮನ ಹರಿದದ್ದು 1990ರ ದಶಕದಲ್ಲಿ. ಆಂಥನಿ ಚಾರ್ನಿಕ್ ಮತ್ತು ಸಹಸಂಶೋಧಕರು 1992ರಲ್ಲಿ ಪಾದರಸ ಮತ್ತು ಬೆಳ್ಳಿಯ ಅಯಾನುಗಳಿಗೆ ಮಾತ್ರಾಮಾಪಕವನ್ನೂ 1997ರಲ್ಲಿ ತಾಮ್ರಕ್ಕೆ ರೋಡಮೀನ್ ಆಧಾರಿತ ಮಾತ್ರಾಮಾಪಕವನ್ನೂ ಪ್ರಕಟಿಸಿದರು. ಎರಡನೆಯದು ಮುಂದಿನ ಅಸಂಖ್ಯ ರೋಡಮೀನ್ ಶೋಧಕಗಳಿಗೆ ಮಾದರಿಯಾಯಿತು. 2003ರಿಂದೀಚೆಗೆ ಎಲಿಜಬೆತ್ ನೋಲನ್ ಮತ್ತು ಸ್ಟೀಫನ್ ಲಿಪ್ಪರ್ಡ್ ಅವರು ನೀರಿನಲ್ಲಿ ಕೆಲಸ ಮಾಡುವ ಪಾದರಸ ಶೋಧಕಗಳನ್ನು ಅಭಿವೃದ್ಧಿಪಡಿಸಿದರು.

## ಲೋಹವಾರು ಶೋಧಕಗಳು

### ಪಾದರಸ

ದಕ್ಷಿಣ ಕೊರಿಯಾದ ಸಂಶೋಧಕರು 2005ರಲ್ಲಿ ರೋಡಮೀನ್ ಮತ್ತು ಥಯೋಯೂರಿಯಾ ಆಧಾರಿತ ಮಾತ್ರಾಮಾಪಕವನ್ನು ಪ್ರಕಟಿಸಿದರು. 2006ರಲ್ಲಿ ಇದೇ ಬಗೆಯ ಶೋಧಕದಿಂದ ಜೀವಂತ ಕೋಶಗಳಲ್ಲಿ ಮತ್ತು ಜೀಬ್ರಾಮೀನಿನಲ್ಲಿ ಪಾದರಸವನ್ನು ಗುರುತಿಸಲಾಯಿತು. ಜೀಬ್ರಾಮೀನಿನ ಮರಿಗಳು ಪಾರದರ್ಶಕವಾಗಿರುವುದರಿಂದ ಯಾವ ಅಂಗದಲ್ಲಿ ಲೋಹ ಸಂಗ್ರಹವಾಗುತ್ತದೆ ಎಂಬುದನ್ನು ನೇರವಾಗಿ ನೋಡಬಹುದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕ್ರಿಸ್ಟೋಫರ್ ಚಾಂಗ್ ಅವರ ತಂಡ 2005ರಲ್ಲಿ ಮೀನಿನ ಮಾಂಸದಲ್ಲಿರುವ ಪಾದರಸವನ್ನು ಪರೀಕ್ಷಿಸಲು ಪ್ರತಿದೀಪ್ತಿ ಶೋಧಕವನ್ನು ಬಳಸಿತು.

### ಸೀಸ

ಚಾಂಗ್ ಅವರ ತಂಡವೇ 2006ರಲ್ಲಿ ಲೆಡ್‌ಫ್ಲೋರ್-1 ಎಂಬ ಶೋಧಕವನ್ನು ಪ್ರಕಟಿಸಿತು. ಫ್ಲೋರೆಸೀನನ್ನು ಹೋಲುವ ಪ್ರತಿದೀಪಕವುಳ್ಳ ಇದು ನೀರಿನಲ್ಲಿ ಕರಗುತ್ತದೆ. ಸೀಸ ಅಂಟಿದಾಗ ಇದರ ಪ್ರತಿದೀಪ್ತಿ 18 ಪಟ್ಟು ಹೆಚ್ಚುತ್ತದೆ. ಜೀವಂತ ಸಸ್ತನಿ ಕೋಶಗಳಲ್ಲಿ ಸೀಸದ ಮಟ್ಟದ ಬದಲಾವಣೆಯನ್ನು ಇದರಿಂದ ತೋರಿಸಲಾಯಿತು.

### ಕ್ಯಾಡ್ಮಿಯಮ್

ಕ್ಯಾಡ್ಮಿಯಮ್ ಮತ್ತು ಸತು ಆವರ್ತ ಕೋಷ್ಟಕದ ಒಂದೇ ಗುಂಪಿಗೆ ಸೇರಿದವು. ಸತು ಪ್ರತಿಯೊಂದು ಕೋಶದಲ್ಲಿಯೂ ಇರುವುದರಿಂದ ಇವೆರಡನ್ನು ಬೇರ್ಪಡಿಸಿ ಗುರುತಿಸುವುದೇ ಕ್ಯಾಡ್ಮಿಯಮ್ ಶೋಧಕಗಳ ದೊಡ್ಡ ಸವಾಲು. 2007ರಲ್ಲಿ ಚೀನಾದ ಸಂಶೋಧಕರು ಬೋಡಿಪಿ ಆಧಾರಿತ ಶೋಧಕವನ್ನೂ 2008ರಲ್ಲಿ ಜಪಾನಿನ ಸಂಶೋಧಕರು ಎರಡು ತರಂಗಾಂತರಗಳಲ್ಲಿ ಉದ್ರೇಕಿಸಿ ಅನುಪಾತ ಅಳೆಯುವ ಶೋಧಕವನ್ನೂ ಜೀವಂತ ಕೋಶಗಳಲ್ಲಿ ಬಳಸಿದರು. ಮಾರುಕಟ್ಟೆಯಲ್ಲಿ ದೊರೆಯುವ ಲೆಡ್‌ಮಿಯಮ್ ಗ್ರೀನ್ ಶೋಧಕವು ಸೀಸ ಮತ್ತು ಕ್ಯಾಡ್ಮಿಯಮ್ ಎರಡಕ್ಕೂ ಸ್ಪಂದಿಸುತ್ತದೆ. ಸಸ್ಯಗಳ ಬೇರು ಮತ್ತು ಕೋಶಗಳ ಅಧ್ಯಯನದಲ್ಲಿ ಇದರ ಬಳಕೆ ಇದೆ.

### ಆರ್ಸೆನಿಕ್

ಆರ್ಸೆನಿಕ್ ಕೋಶದಲ್ಲಿ ಸರಳ ಧನ ಅಯಾನಾಗಿ ಇರುವುದಿಲ್ಲ. ಆರ್ಸೆನೈಟ್ ಬಹುಪಾಲು ಆವೇಶರಹಿತ ಅಣುವಾಗಿಯೂ ಆರ್ಸೆನೇಟ್ ಋಣ ಅಯಾನಾಗಿಯೂ ಇರುತ್ತದೆ. ಹೀಗಾಗಿ ಇತರ ಲೋಹಗಳಿಗೆ ಹೊಂದುವ ಗ್ರಾಹಕಗಳು ಇದಕ್ಕೆ ಹೊಂದುವುದಿಲ್ಲ. ಅದಕ್ಕೆ ತಕ್ಕ ಶೋಧಕಗಳ ಸಂಖ್ಯೆಯೂ ಕಡಿಮೆ. ಥಯಾಲ್ ಗುಂಪುಗಳನ್ನು ಬಳಸುವ ವಿನ್ಯಾಸಗಳು ಒಂದು ದಾರಿಯಾದರೆ, ಬ್ಯಾಕ್ಟೀರಿಯಾದ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಬಳಸುವುದು ಇನ್ನೊಂದು ದಾರಿ. ಆರ್ಸೆನೈಟ್ ಅಂಟಿದಾಗ ಆರ್ಸ್-ಆರ್ ಎಂಬ ಪ್ರೋಟೀನು ಡಿಎನ್‌ಎಯನ್ನು ಬಿಟ್ಟು ಹೊರಬರುತ್ತದೆ ಮತ್ತು ಅದು ತಡೆಹಿಡಿದಿದ್ದ ಜೀನು ಕೆಲಸ ಆರಂಭಿಸುತ್ತದೆ. ಆ ಜೀನಿನ ಜಾಗದಲ್ಲಿ ಹಸಿರು ಪ್ರತಿದೀಪ್ತಿ ಪ್ರೋಟೀನಿನ ಜೀನನ್ನು ಇರಿಸಿದರೆ ಬ್ಯಾಕ್ಟೀರಿಯವೇ ಆರ್ಸೆನಿಕ್ ಶೋಧಕವಾಗುತ್ತದೆ.

ಆರ್ಸೆನಿಕ್ ಮತ್ತು ಥಯಾಲ್‌ಗಳ ಈ ನಂಟನ್ನೇ ತಿರುಗಿಸಿ ಬಳಸಿದ ಉದಾಹರಣೆಯೂ ಇದೆ. 1998ರಲ್ಲಿ ತ್ಸಿಯೆನ್ ಅವರ ತಂಡ ಎರಡು ಆರ್ಸೆನಿಕ್ ಪರಮಾಣುಗಳುಳ್ಳ ಫ್ಲೋರೆಸೀನನ್ನು ತಯಾರಿಸಿ, ನಾಲ್ಕು ಸಿಸ್ಟೀನ್‌ಗಳಿರುವ ಪ್ರೋಟೀನುಗಳನ್ನು ಜೀವಂತ ಕೋಶದಲ್ಲಿ ಗುರುತಿಸಿತು. ಅಲ್ಲಿ ಆರ್ಸೆನಿಕ್ ಹುಡುಕಬೇಕಾದ ವಸ್ತುವಲ್ಲ, ಹುಡುಕುವ ಸಾಧನ.

## ಡಿಎನ್‌ಎ ಆಧಾರಿತ ಶೋಧಕಗಳು

ಡಿಎನ್‌ಎಯ ಎರಡು ಥೈಮಿನ್ ಘಟಕಗಳ ನಡುವೆ ಪಾದರಸದ ಅಯಾನು ಸೇತುವೆಯಂತೆ ನಿಲ್ಲುತ್ತದೆ. ಈ ಗುಣವನ್ನು ಬಳಸಿ 2004ರಲ್ಲಿ ಪಾದರಸ ಶೋಧಕವನ್ನು ರೂಪಿಸಲಾಯಿತು. ಸೀಸವಿದ್ದಾಗ ಮಾತ್ರ ಇನ್ನೊಂದು ಎಳೆಯನ್ನು ತುಂಡರಿಸುವ ಡಿಎನ್‌ಎ ಕಿಣ್ವವನ್ನು ಬಳಸಿದ ಶೋಧಕವನ್ನು ಜಿಂಗ್ ಲಿ ಮತ್ತು ಯಿ ಲು 2000ದಲ್ಲಿ ಪ್ರಕಟಿಸಿದರು.

ಡಿಎನ್‌ಎಯಿಂದ ಮಾಡಿದ ಶೋಧಕ ಜೀವಂತ ಕೋಶದೊಳಗೆ ಕೆಲಸ ಮಾಡಬಲ್ಲದೇ ಎಂಬ ಪ್ರಶ್ನೆಗೆ ಮಹತ್ವದ ಉತ್ತರವೊಂದು ಬೆಂಗಳೂರಿನಿಂದ ಬಂದಿತು. ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಯಮುನಾ ಕೃಷ್ಣನ್ ಅವರ ತಂಡ 2009ರಲ್ಲಿ ಐ-ಸ್ವಿಚ್ ಎಂಬ ಡಿಎನ್‌ಎ ನ್ಯಾನೊಸಾಧನವನ್ನು ಪ್ರಕಟಿಸಿತು. ಇದು ಭಾರಲೋಹವನ್ನಲ್ಲ, ಕೋಶದೊಳಗಿನ ಆಮ್ಲೀಯತೆಯನ್ನು ಅನುರಣನ ಶಕ್ತಿ ವರ್ಗಾವಣೆಯ ಮೂಲಕ ಅಳೆಯುತ್ತದೆ. ಜೀವಂತ ಕೋಶದ ನಿರ್ದಿಷ್ಟ ಕೋಣೆಗೆ ಡಿಎನ್‌ಎ ಶೋಧಕವನ್ನು ಕಳುಹಿಸಿ ಅಲ್ಲಿನ ರಸಾಯನಶಾಸ್ತ್ರವನ್ನು ಓದಬಹುದು ಎಂಬುದನ್ನು ಈ ಕೆಲಸ ತೋರಿಸಿತು.

## ಪ್ರಯೋಗದ ಕ್ರಮ

ಗಾಜಿನ ತಳದ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಶೋಧಕವನ್ನು ಸಾಮಾನ್ಯವಾಗಿ ಕೆಲವು ಮೈಕ್ರೊಮೋಲಾರ್ ಸಾಂದ್ರತೆಯಲ್ಲಿ ಸೇರಿಸಿ, ಹೊರಗೆ ಉಳಿದದ್ದನ್ನು ತೊಳೆಯಲಾಗುತ್ತದೆ. ಅನಂತರ ಲೋಹಕ್ಕೆ ಒಡ್ಡಿದ ಮತ್ತು ಒಡ್ಡದ ಕೋಶಗಳನ್ನು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಹೋಲಿಸಲಾಗುತ್ತದೆ. ಫಲಿತಾಂಶವನ್ನು ನಂಬಲು ಕೆಳಗಿನ ಪರೀಕ್ಷೆಗಳು ಅಗತ್ಯ.

- ಲೋಹವನ್ನು ಬಲವಾಗಿ ಹಿಡಿಯುವ ಟಿಪಿಇಎನ್‌ನಂತಹ ವಸ್ತುವನ್ನು ಸೇರಿಸಿದಾಗ ಬೆಳಕು ಹಿಂದಿನ ಸ್ಥಿತಿಗೆ ಮರಳಬೇಕು. ಮಾತ್ರಾಮಾಪಕಗಳಿಗೆ ಇದು ಅನ್ವಯಿಸುವುದಿಲ್ಲ.
- ಗ್ರಾಹಕವಿಲ್ಲದ ಅದೇ ಪ್ರತಿದೀಪಕವು ಲೋಹಕ್ಕೆ ಸ್ಪಂದಿಸಬಾರದು.
- ಸತು, ತಾಮ್ರ, ಕಬ್ಬಿಣ, ಕ್ಯಾಲ್ಸಿಯಂ ಅಯಾನುಗಳ ಸಮ್ಮುಖದಲ್ಲಿಯೂ ಶೋಧಕವು ಗುರಿಲೋಹವನ್ನು ಗುರುತಿಸಬೇಕು.
- ಆಮ್ಲೀಯತೆಯ ಬದಲಾವಣೆಯಿಂದ ಬೆಳಕು ಬದಲಾಗುತ್ತಿಲ್ಲ ಎಂಬುದು ಖಚಿತವಾಗಬೇಕು. ಲೈಸೋಸೋಮ್‌ನ ಒಳಭಾಗ ಆಮ್ಲೀಯವಾಗಿರುವುದರಿಂದ ಅಲ್ಲಿ ಕಾಣುವ ಬೆಳಕು ಲೋಹದ್ದೆಂದು ತಪ್ಪು ತಿಳಿಯುವ ಸಾಧ್ಯತೆಯಿದೆ.
- ಶೋಧಕವೇ ಕೋಶಕ್ಕೆ ವಿಷವಾಗಬಾರದು. ಇದನ್ನು ಕೋಶಗಳ ಉಳಿವಿನ ಪರೀಕ್ಷೆಗಳಿಂದ ತಿಳಿಯುತ್ತಾರೆ.

## ಪ್ರಮಾಣದ ಪ್ರಶ್ನೆ ಮತ್ತು ಮಿತಿಗಳು

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕವಾದ ಐಎಸ್ 10500 (2012)ರ ಸ್ವೀಕಾರಾರ್ಹ ಮಿತಿಗಳನ್ನು ಶೋಧಕಗಳ ಸಾಹಿತ್ಯದಲ್ಲಿ ಬಳಸುವ ಮೋಲಾರ್ ಮಾನಕ್ಕೆ ಪರಿವರ್ತಿಸಿದರೆ ಹೀಗಾಗುತ್ತದೆ.

- ಸೀಸ: ಲೀಟರಿಗೆ 0.01 ಮಿಲಿಗ್ರಾಂ, ಅಂದರೆ ಸುಮಾರು 48 ನ್ಯಾನೊಮೋಲಾರ್
- ಆರ್ಸೆನಿಕ್: ಲೀಟರಿಗೆ 0.01 ಮಿಲಿಗ್ರಾಂ, ಅಂದರೆ ಸುಮಾರು 133 ನ್ಯಾನೊಮೋಲಾರ್
- ಕ್ಯಾಡ್ಮಿಯಮ್: ಲೀಟರಿಗೆ 0.003 ಮಿಲಿಗ್ರಾಂ, ಅಂದರೆ ಸುಮಾರು 27 ನ್ಯಾನೊಮೋಲಾರ್
- ಪಾದರಸ: ಲೀಟರಿಗೆ 0.001 ಮಿಲಿಗ್ರಾಂ, ಅಂದರೆ ಸುಮಾರು 5 ನ್ಯಾನೊಮೋಲಾರ್

ಕಿರದಳ್ಳಿ ತಾಂಡಾದ ಅಧ್ಯಯನದಲ್ಲಿ ದಾಖಲಾದ ಗರಿಷ್ಠ 303 ಮೈಕ್ರೊಗ್ರಾಂ ಆರ್ಸೆನಿಕ್ ಇದೇ ಲೆಕ್ಕದಲ್ಲಿ ಸುಮಾರು 4 ಮೈಕ್ರೊಮೋಲಾರ್. ಆದರೆ ಪ್ರಕಟಿತ ಶೋಧಕ ಪ್ರಯೋಗಗಳಲ್ಲಿ ಅನೇಕ ಕಡೆ ಕೋಶಗಳಿಗೆ ಹಲವು ಮೈಕ್ರೊಮೋಲಾರ್‌ನಿಂದ ಹತ್ತಾರು ಮೈಕ್ರೊಮೋಲಾರ್‌ವರೆಗೆ ಲೋಹವನ್ನು ಒಮ್ಮೆಗೇ ಸೇರಿಸಲಾಗುತ್ತದೆ. ಅಂದರೆ ಪ್ರಯೋಗಾಲಯದ ಕೋಶವು ಕೆಲವು ಗಂಟೆಗಳಲ್ಲಿ ಎದುರಿಸುವ ಲೋಹವು ನೀರಿನ ಮಿತಿಗಿಂತ ನೂರಾರು ಪಟ್ಟು ಹೆಚ್ಚಿರಬಹುದು. ನಿಜಜೀವನದ ವಿಷಬಾಧೆ ಅಲ್ಪ ಪ್ರಮಾಣದಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಇಂತಹ ಚಿತ್ರಗಳು ಶೋಧಕ ಕೆಲಸ ಮಾಡುತ್ತದೆ ಎಂಬುದನ್ನು ಸಾಬೀತುಪಡಿಸುತ್ತವೆಯೇ ಹೊರತು ರೋಗಿಯ ಕೋಶದಲ್ಲಿ ಏನಾಗುತ್ತಿದೆ ಎಂಬುದನ್ನು ನೇರವಾಗಿ ತೋರಿಸುವುದಿಲ್ಲ.

ಇದಕ್ಕಿಂತ ಮೂಲಭೂತವಾದ ಮಿತಿಯೂ ಇದೆ. ರಕ್ತದ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಸೀಸ ಎಂದರೆ ಸುಮಾರು 480 ನ್ಯಾನೊಮೋಲಾರ್. ಅದರಲ್ಲಿ ಸುಮಾರು ಶೇ. 99ರಷ್ಟು ಕೆಂಪು ರಕ್ತಕಣಗಳ ಪ್ರೋಟೀನುಗಳಿಗೆ ಅಂಟಿರುತ್ತದೆ. ಪ್ಲಾಸ್ಮಾದಲ್ಲಿ ಉಳಿಯುವುದು ಕೆಲವೇ ನ್ಯಾನೊಮೋಲಾರ್. ಕೋಶದೊಳಗೂ ಇದೇ ಪರಿಸ್ಥಿತಿ. ಥಯಾಲ್ ಗುಂಪುಳ್ಳ ಗ್ಲುಟಥಯೋನ್ ಅಲ್ಲಿ 1ರಿಂದ 10 ಮಿಲಿಮೋಲಾರ್‌ನಷ್ಟಿರುತ್ತದೆ; ಸೇರಿಸಿದ ಶೋಧಕಕ್ಕಿಂತ ಇದು ಸುಮಾರು ಸಾವಿರ ಪಟ್ಟು ಹೆಚ್ಚು. ಪಾದರಸ ಅಥವಾ ಕ್ಯಾಡ್ಮಿಯಮ್ ಅಯಾನನ್ನು ಹಿಡಿಯಲು ಶೋಧಕವು ಈ ಪೈಪೋಟಿಯನ್ನು ಗೆಲ್ಲಬೇಕು. ದುರ್ಬಲ ಶೋಧಕ ಏನನ್ನೂ ಕಾಣುವುದಿಲ್ಲ. ಅತಿ ಪ್ರಬಲ ಶೋಧಕವು ಪ್ರೋಟೀನುಗಳಿಂದ ಲೋಹವನ್ನು ಕಿತ್ತುಕೊಂಡು, ತಾನು ಅಳೆಯಬೇಕಾದ ಸ್ಥಿತಿಯನ್ನೇ ಬದಲಿಸುತ್ತದೆ.

ಆದ್ದರಿಂದ ಶೋಧಕ ಬೆಳಗಲಿಲ್ಲವೆಂದರೆ ಕೋಶದಲ್ಲಿ ಲೋಹವಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಲೋಹವಿದ್ದೂ ಅದು ಬಿಗಿಯಾಗಿ ಬಂಧಿತವಾಗಿರಬಹುದು. ಅದೇ ರೀತಿ, ಬೆಳಕು ಎರಡು ಪಟ್ಟಾದರೆ ಲೋಹ ಎರಡು ಪಟ್ಟಾಗಿದೆ ಎಂದೂ ಅರ್ಥವಲ್ಲ. ಶೋಧಕದ ಹಂಚಿಕೆ, ಬೆಳಕಿನಿಂದ ಬಣ್ಣ ಮಾಸುವಿಕೆ, ಕೋಶದ ಸಹಜ ಪ್ರತಿದೀಪ್ತಿ ಇವೆಲ್ಲ ಫಲಿತಾಂಶವನ್ನು ಏರುಪೇರು ಮಾಡುತ್ತವೆ.

## ಇತರ ವಿಧಾನಗಳೊಂದಿಗೆ ಹೋಲಿಕೆ

ಪ್ಲಾಸ್ಮಾ ದ್ರವ್ಯರಾಶಿ ರೋಹಿತಮಾಪನವು ಅನೇಕ ಧಾತುಗಳನ್ನು ಒಟ್ಟಿಗೆ, ಅತ್ಯಲ್ಪ ಪ್ರಮಾಣದಲ್ಲಿಯೂ ಅಳೆಯುತ್ತದೆ. ಆದರೆ ಉಪಕರಣ ದುಬಾರಿ ಮತ್ತು ಮಾದರಿ ನಾಶವಾಗುತ್ತದೆ. ಸಿಂಕ್ರೊಟ್ರಾನ್ ಎಕ್ಸ್-ಕಿರಣ ಪ್ರತಿದೀಪ್ತಿಯು ಬಂಧಿತ ಲೋಹವನ್ನೂ ಸೇರಿಸಿ ಒಟ್ಟು ಲೋಹದ ನಕ್ಷೆ ಕೊಡುತ್ತದೆ. ಆದರೆ ಅದಕ್ಕೆ ವಿಶೇಷ ಕೇಂದ್ರಗಳು ಬೇಕು ಮತ್ತು ಕೋಶಗಳನ್ನು ಸಾಮಾನ್ಯವಾಗಿ ಒಣಗಿಸಬೇಕು ಅಥವಾ ಘನೀಕರಿಸಬೇಕು. ಪ್ರತಿದೀಪ್ತಿ ಶೋಧಕಗಳು ಜೀವಂತ ಕೋಶದಲ್ಲಿ ಕ್ಷಣಕ್ಷಣದ ಬದಲಾವಣೆಯನ್ನು ತೋರಿಸುತ್ತವೆ. ಆದರೆ ಒಟ್ಟು ಪ್ರಮಾಣವನ್ನು ಹೇಳುವುದಿಲ್ಲ. ಈ ಕಾರಣದಿಂದ ಒಂದೇ ಮಾದರಿಯ ಕೋಶಗಳ ಮೇಲೆ ಎರಡು ಬಗೆಯ ಅಳತೆಗಳನ್ನೂ ನಡೆಸಿ ಹೋಲಿಸುವುದು ಒಳ್ಳೆಯ ಕ್ರಮ.

ಕುಡಿಯುವ ನೀರು ಸುರಕ್ಷಿತವೇ, ವ್ಯಕ್ತಿಯ ರಕ್ತದಲ್ಲಿ ಸೀಸ ಎಷ್ಟಿದೆ ಎಂಬ ಪ್ರಶ್ನೆಗಳಿಗೆ ಮಾನ್ಯತೆ ಪಡೆದ ಪ್ರಯೋಗಾಲಯದ ಒಟ್ಟು ಅಳತೆಯೇ ಆಧಾರ. ಲೋಹ ಕೋಶದೊಳಗೆ ಯಾವ ದಾರಿಯಲ್ಲಿ ಬರುತ್ತದೆ, ಯಾವ ಭಾಗವನ್ನು ಮೊದಲು ತಲುಪುತ್ತದೆ, ಲೋಹವನ್ನು ಹೊರಹಾಕಲು ಕೊಡುವ ಔಷಧ ಕೋಶದೊಳಗಿನ ಲೋಹವನ್ನು ನಿಜವಾಗಿ ಮುಟ್ಟುತ್ತದೆಯೇ ಎಂಬ ಪ್ರಶ್ನೆಗಳನ್ನು ಜೀವಂತ ಕೋಶದಲ್ಲಿಯೇ ಪರಿಶೀಲಿಸಲು ಪ್ರತಿದೀಪ್ತಿ ಶೋಧಕಗಳು ನೆರವಾಗುತ್ತವೆ.

## ಇವನ್ನೂ ನೋಡಿ

- ಪ್ರತಿದೀಪ್ತಿ
- ಆರ್ಸೆನಿಕ್
- ಸೀಸ
- ಪಾದರಸ
- ಕ್ಯಾಡ್ಮಿಯಮ್
- ಸೂಕ್ಷ್ಮದರ್ಶಕ
- ಜಲಮಾಲಿನ್ಯ